ಕೌದಿ ಚೀಲದ ಲೆಕ್ಕ: ವೈನಿಯವರ ಹೊಲಿಗೆ ಕೋಣೆಯನ್ನು ಲಾಭಕ್ಕೆ ತಂದ ಕೆಲಸದ ದಾಖಲೆ

ಕಲಬುರಗಿಯ ಬ್ರಹ್ಮಪುರದಲ್ಲಿರುವ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ವೈನಿಯವರು (ಅತ್ತಿಗೆ) ಕೈಚೀಲ ಹೊಲಿಯುತ್ತಾರೆ. ಚೀಲದ ಮೈ ದಪ್ಪ ಕ್ಯಾನ್ವಾಸಿನದು. ಮುಂಭಾಗಕ್ಕೆ ಹಳೆಯ ಇಳಕಲ್ ಸೀರೆಯ ಮತ್ತು ಗುಳೇದಗುಡ್ಡದ ಖಣದ ತುಂಡುಗಳನ್ನು ಒಂದರ ಮೇಲೊಂದು ಹರವಿ, ಕೌದಿ (ಹಳೆಯ ಬಟ್ಟೆಯ ಹೊದಿಕೆ) ಹೊಲಿಯುವ ಹಾಗೆಯೇ ಸಾಲು ಸಾಲಾಗಿ ಕೈಹೊಲಿಗೆ ಹಾಕಿದ ಒಂದು ತುಂಡನ್ನು ಕೂಡಿಸುತ್ತಾರೆ. ಕೊಳ್ಳುವವರಿಗೆ ಕೊರತೆ ಇರಲಿಲ್ಲ. ನೆಂಟರಿಷ್ಟರಿಂದ ಹಿಡಿದು ಕಾಲೇಜಿನ ಹುಡುಗಿಯರವರೆಗೆ ಕೇಳುವವರಿದ್ದರು, ಹೊಲಿದದ್ದೆಲ್ಲ ಮಾರಾಟವಾಗುತ್ತಿತ್ತು, ಆದರೂ ತಿಂಗಳ ಕೊನೆಗೆ ಹೊಸ ಬಟ್ಟೆ ತರಲು ಮನೆಖರ್ಚಿನ ಡಬ್ಬಿಗೇ ಕೈ ಹಾಕಬೇಕಾಗುತ್ತಿತ್ತು. ಪಾಲಿಟೆಕ್ನಿಕ್‌ನಲ್ಲಿ ಯಂತ್ರಶಾಲೆಯ ಕೆಲಸ ಕಲಿಸುವ ನನಗೆ ಇದು ಮಾರಾಟದ ಸಮಸ್ಯೆಗಿಂತ ಹೆಚ್ಚಾಗಿ ತಯಾರಿಕೆಯ ಸಮಸ್ಯೆಯಾಗಿ ಕಂಡಿತು. ಕೈಕೆಲಸದ ಬೆಲೆಯನ್ನು ಕೊಳ್ಳುವವರು ಕಣ್ಣಿಗೆ ಕಾಣುವ ಜಾಗದಲ್ಲಿ ಮಾತ್ರ ಕೊಡುತ್ತಾರೆ, ಕಾಣದ ಜಾಗದಲ್ಲಿ ಕಳೆದ ಸಮಯಕ್ಕೆ ಯಾರೂ ಹಣ ಕೊಡುವುದಿಲ್ಲ ಎಂಬುದು ನನ್ನ ಊಹೆಯಾಗಿತ್ತು. ಅದನ್ನು ಅಳೆದು ನೋಡಿ, ಒಂದೊಂದೇ ಹಂತವನ್ನು ತಿದ್ದಿದ ಕೆಲಸದ ವಿವರ ಮುಂದಿದೆ.

ಲೆಕ್ಕದ ಹಾಳೆ

ಮೊದಲಿಗೆ ಒಂದು ಚೀಲಕ್ಕೆ ತಗಲುವ ಸಾಮಾನನ್ನು ಬರೆದುಕೊಂಡೆವು. 12 ಔನ್ಸಿನ ಕ್ಯಾನ್ವಾಸ್ 0.45 ಮೀಟರಿಗೆ 72 ರೂಪಾಯಿ, ಅಸ್ತರಿಗೆ 32, ನಡುವಿನ ಫೋಮ್ ಮತ್ತು ಬಟ್ಟೆಗೆ ಅಂಟಿಸುವ ಗಟ್ಟಿ ಪದರವಾದ ಬಕ್ರಮ್‌ಗೆ 25, ಜಿಪ್ಪಿಗೆ 18, ಹೆಗಲಿನ ನವಾರ ಪಟ್ಟಿಗೆ 20, ಡಿ ರಿಂಗ್ ಮತ್ತು ಪಟ್ಟಿ ಹಿಗ್ಗಿಸುವ ಬಕಲ್ಲಿಗೆ 16, ದಾರ, ಅಂಟು, ಲೇಬಲ್ ಸೇರಿ 12. ಒಟ್ಟು 195 ರೂಪಾಯಿ. ಅದಕ್ಕೆ ಹಾಳಾಗುವ ಸಾಮಾನಿನ ಬಾಬ್ತು ಶೇಕಡಾ ಐದನ್ನು ಸೇರಿಸಿದರೆ 205. ಇಷ್ಟು ವೈನಿಯವರಿಗೆ ಹೆಚ್ಚುಕಡಿಮೆ ಗೊತ್ತೇ ಇತ್ತು. 450 ರೂಪಾಯಿಗೆ ಮಾರಿದರೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ ಎಂಬ ಭಾವನೆಯೂ ಅದರಿಂದಲೇ ಬಂದದ್ದು.

ಹಾಳೆಯಲ್ಲಿ ಇಲ್ಲದಿದ್ದದ್ದು ಸಮಯ. ಮೊಬೈಲಿನ ಗಡಿಯಾರವನ್ನು ಮೇಜಿನ ಮೇಲಿಟ್ಟು ಪ್ರತಿ ಹಂತವನ್ನೂ ಬೇರೆ ಬೇರೆಯಾಗಿ ಅಳೆದೆವು. ಗುರುತು ಹಾಕಿ ಕತ್ತರಿಸಲು 40 ನಿಮಿಷ, ಅಸ್ತರು ಮತ್ತು ಒಳಜೇಬಿಗೆ 35, ಪಟ್ಟಿಗೆ 20, ಜಿಪ್ಪಿಗೆ 30, ಎಲ್ಲವನ್ನೂ ಕೂಡಿಸಲು 45, ದಾರ ಕತ್ತರಿಸಿ ಇಸ್ತ್ರಿ ಮಾಡಿ ಮುಗಿಸಲು 20. ಅಂದರೆ 190 ನಿಮಿಷ. ಇದರ ಹೊರತಾಗಿ ಕೌದಿ ತುಂಡಿನ ಕೈಹೊಲಿಗೆಗೆ 90 ನಿಮಿಷ. ನಿಮಿಷಕ್ಕೆ ಒಂದು ರೂಪಾಯಿಯಂತೆ, ಎಂದರೆ ಎಂಟು ತಾಸಿನ ದಿನಕ್ಕೆ 480 ರೂಪಾಯಿ ಕೂಲಿ ಹಿಡಿದರೂ 280 ರೂಪಾಯಿ ಆಗುತ್ತದೆ. ಸಾಮಾನು 205, ಕೂಲಿ 280, ಒಟ್ಟು 485. ಮಾರಾಟದ ಬೆಲೆ 450. ಕೋಣೆಯ ಬಾಡಿಗೆ, ವಿದ್ಯುತ್ತು, ಓಡಾಟ ಯಾವುದನ್ನೂ ಹಿಡಿಯುವ ಮೊದಲೇ ಪ್ರತಿ ಚೀಲಕ್ಕೂ 35 ರೂಪಾಯಿ ನಷ್ಟ.

"ಹಂಗಾದ್ರ ಇಷ್ಟ ದಿನ ನಾ ದುಡ್ಡ ಕೊಟ್ಟು ಹೊಲದಂಗಾತಲ್ಲೋ ತಮ್ಮಾ" ಎಂದು ವೈನಿಯವರು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮನೆಯಲ್ಲಿ ಕುಳಿತು ಮಾಡುವ ಕೆಲಸಕ್ಕೆ ಕೂಲಿ ಹಿಡಿಯುವ ರೂಢಿ ನಮ್ಮಲ್ಲಿ ಇಲ್ಲ. ಆದರೆ ನಾಳೆ ಇನ್ನೊಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡರೆ ಅವರಿಗೆ ಕೂಲಿ ಕೊಡಲೇಬೇಕಾಗುತ್ತದೆ. ತನ್ನ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದ ಕಸುಬು ಒಬ್ಬರ ಕೈಯನ್ನು ದಾಟಿ ಬೆಳೆಯಲಾರದು.

ಇನ್ನೊಂದು ಅಂಶವೂ ಅಲ್ಲಿಯೇ ಕಂಡಿತು. ಕೊಳ್ಳುವವರು ಬೆರಳಾಡಿಸಿ ನೋಡುವುದು ಕೌದಿ ತುಂಡನ್ನು. ಅದಕ್ಕೆ ಹೋಗುವುದು 90 ನಿಮಿಷ, ಯಾರೂ ಗಮನಿಸದ ಉಳಿದ ಕೆಲಸಕ್ಕೆ ಅದರ ಎರಡು ಪಟ್ಟಿಗಿಂತ ಹೆಚ್ಚು. ಆದ್ದರಿಂದ 90 ನಿಮಿಷವನ್ನು ಮುಟ್ಟದೆ 190 ನಿಮಿಷವನ್ನು ಕತ್ತರಿಸುವುದೆಂದು ತೀರ್ಮಾನಿಸಿದೆವು.

ಪನ್ನ ಮತ್ತು ಫರ್ಮಾ

ವೈನಿಯವರ ಬಳಿ ಹತ್ತಾರು ನಮೂನೆಯ ಚೀಲಗಳಿದ್ದವು, ಕೇಳಿದವರಿಗೆ ಕೇಳಿದ ಅಳತೆಯಲ್ಲಿ ಹೊಲಿದು ಕೊಟ್ಟದ್ದರ ಫಲ ಅದು. ಪ್ರತಿ ಸಲ ಅಳತೆ ಬೇರೆಯಾದರೆ ಪ್ರತಿ ಸಲ ಗುರುತು ಹಾಕಬೇಕು, ಜಿಪ್ಪಿನ ಉದ್ದ ಬೇರೆ, ಅಸ್ತರು ಬೇರೆ. ಹೆಗಲಿಗೆ ಹಾಕುವ ಒಂದು ಚೀಲ, ಕೈಯಲ್ಲಿ ಹಿಡಿಯುವ ಒಂದು ಸಂಚಿ, ಈ ಎರಡನ್ನು ಬಿಟ್ಟು ಉಳಿದವನ್ನು ನಿಲ್ಲಿಸಿದೆವು. ಬಣ್ಣ ಮತ್ತು ಕೌದಿ ತುಂಡು ಎಷ್ಟಾದರೂ ಬದಲಾಗಬಹುದು, ಮೈ ಅಳತೆ ಬದಲಾಗಬಾರದು.

ಆ ಅಳತೆಯನ್ನು ನಿರ್ಧರಿಸಿದ್ದು ಬಟ್ಟೆಯ ಪನ್ನ, ಅಂದರೆ ಅದರ ಅಗಲ. ಕಪಡಾ ಬಜಾರಿನಲ್ಲಿ ನಾವು ಕೊಳ್ಳುವ ಕ್ಯಾನ್ವಾಸಿನ ಪನ್ನ 45 ಇಂಚು. ತೊಳೆದು ಒಣಗಿಸಿದ ಮೇಲೆ 43ಕ್ಕಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ. ಹಳೆಯ ಚೀಲ 12 ಇಂಚು ಅಗಲ, 10 ಇಂಚು ಎತ್ತರ, 3 ಇಂಚು ದಪ್ಪ. ತಳದ ಮೂಲೆಗಳನ್ನು ಚೌಕವಾಗಿ ಮಡಿಸಿ ಹೊಲಿಯುವ ಈ ಬಗೆಯ ಚೀಲಕ್ಕೆ ಒಂದು ಬದಿಯ ತುಂಡು, ಅಗಲ 12, ದಪ್ಪ 3, ಎರಡು ಕಡೆಯ ಹೊಲಿಗೆಯ ಅಂಚು 1 ಸೇರಿ, 16 ಇಂಚು ಬೇಕು. 43 ಇಂಚಿನಲ್ಲಿ ಅಂಥವು ಎರಡೇ ಕೂರುತ್ತವೆ, 11 ಇಂಚು ಪಟ್ಟಿ ಪಕ್ಕಕ್ಕೆ ಹೋಗುತ್ತದೆ. ಚೀಲದ ಅಗಲವನ್ನು 10 ಇಂಚಿಗೆ ಇಳಿಸಿದರೆ ತುಂಡು 14 ಇಂಚಾಗಿ ಒಂದು ಸಾಲಿನಲ್ಲಿ ಮೂರು ಕೂರುತ್ತವೆ.

ಇದನ್ನು ಹೇಳಿದಾಗ ವೈನಿಯವರು ಒಪ್ಪಲಿಲ್ಲ. "ಹತ್ತು ಇಂಚಿನ ಚೀಲದಾಗ ಹುಡುಗೇರ ನೋಟ್‌ಬುಕ್ ಹ್ಯಾಂಗ ಹೋಗ್ತದ? ಅಗಲ ಕಡಿಮಿ ಮಾಡಿದ್ರ ಎತ್ತರರೆ ಹೆಚ್ಚ ಮಾಡು." ಕೊಳ್ಳುವವರನ್ನು ಬಲ್ಲವರ ಮಾತು ಅದು. ಎ4 ಹಾಳೆ 21 ಸೆಂಟಿಮೀಟರ್ ಅಗಲ, 29.7 ಸೆಂಟಿಮೀಟರ್ ಉದ್ದ, ಅಂದರೆ ಸುಮಾರು 8.3 ಇಂಚು ಮತ್ತು 11.7 ಇಂಚು. ಹಳೆಯ ಚೀಲದಲ್ಲಿ ಅದನ್ನು ಅಡ್ಡಲಾಗಿ ತುರುಕಬೇಕಿತ್ತು, ನಿಲ್ಲಿಸಿದರೆ ಜಿಪ್ ಮುಚ್ಚುತ್ತಿರಲಿಲ್ಲ. ಎತ್ತರವನ್ನು 12.5 ಇಂಚು ಮಾಡಿದಾಗ ಪುಸ್ತಕ ನೆಟ್ಟಗೆ ನಿಂತಿತು. ತುಂಡಿನ ಎತ್ತರ ಹೊಲಿಗೆ ಅಂಚು ಮತ್ತು ತಳ ಸೇರಿ 12.5ರಿಂದ 15 ಇಂಚಿಗೆ ಏರಿತು, ನಿಜ. ಆದರೆ ಮೂರು ಚೀಲಕ್ಕೆ ಬೇಕಾದ ಆರು ತುಂಡುಗಳಿಗೆ ಮೊದಲು ಮೂರು ಸಾಲು, ಅಂದರೆ 37.5 ಇಂಚು ಬಟ್ಟೆ ಹೋಗುತ್ತಿದ್ದಲ್ಲಿ ಈಗ ಎರಡು ಸಾಲಿಗೆ 30 ಇಂಚು ಸಾಕು. ಚೀಲ ದೊಡ್ಡದಾಯಿತು, ಬಟ್ಟೆ ಐದರಲ್ಲಿ ಒಂದು ಪಾಲು ಉಳಿಯಿತು. ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟ ತಿದ್ದುಪಡಿ ಇದೇ, ಮತ್ತು ಅದರ ಅರ್ಧ ವೈನಿಯವರದ್ದು.

ಅಳತೆ ನಿಂತ ಮೇಲೆ ಹಾರ್ಡ್‌ಬೋರ್ಡಿನಲ್ಲಿ ಫರ್ಮಾ (ಬಟ್ಟೆಯ ಮೇಲಿಟ್ಟು ಕತ್ತರಿಸುವ ಅಚ್ಚು) ಕತ್ತರಿಸಿದೆ. ಮೈತುಂಡಿಗೆ ಒಂದು, ಅಸ್ತರಿಗೆ ಒಂದು, ಫೋಮಿಗೆ ಒಂದು, ಒಳಜೇಬಿಗೆ ಒಂದು. ಜಿಪ್ ಬರುವ ಜಾಗ, ಪಟ್ಟಿ ಕೂಡುವ ಜಾಗ, ಜೇಬಿನ ಎತ್ತರ, ಇವುಗಳಿಗೆ ಫರ್ಮಾದಲ್ಲಿಯೇ ತೂತು ಕೊರೆದಿರುವುದರಿಂದ ಸೀಮೆಸುಣ್ಣದ ಚುಕ್ಕೆ ಇಟ್ಟರೆ ಸಾಕು, ಟೇಪು ಹಿಡಿಯುವ ಕೆಲಸವಿಲ್ಲ. ಅಸ್ತರಿನ ಫರ್ಮಾವನ್ನು ಮೈಯದ್ದಕ್ಕಿಂತ ಎಂಟನೇ ಒಂದು ಇಂಚು ಚಿಕ್ಕದಾಗಿ ಮಾಡಿದ್ದೇವೆ. ಒಂದೇ ಅಳತೆಯಾದರೆ ಒಳಗೆ ಅಸ್ತರು ಸುಕ್ಕುಗಟ್ಟಿ ನಿಲ್ಲುತ್ತದೆ. ಎಂಟು ಪದರ ಅಸ್ತರನ್ನು ಒಟ್ಟಿಗೆ ಹಾಸಿ, ಅಂಚಿಗೆ ಕ್ಲಿಪ್ ಹಾಕಿ, ರೋಟರಿ ಕಟರಿನಿಂದ ಒಮ್ಮೆಗೇ ಕತ್ತರಿಸುತ್ತೇವೆ; ಕ್ಯಾನ್ವಾಸ್ ಮಾತ್ರ ನಾಲ್ಕು ಪದರಕ್ಕಿಂತ ಹೆಚ್ಚಾದರೆ ಕೆಳಗಿನ ಪದರ ಜಾರುತ್ತದೆ. ಚೀಲವೊಂದಕ್ಕೆ 40 ನಿಮಿಷ ತಿನ್ನುತ್ತಿದ್ದ ಕತ್ತರಿಕೆ 12 ನಿಮಿಷಕ್ಕೆ ಇಳಿದದ್ದು ಹೀಗೆ.

ಕತ್ತರಿಸುವ ಮೊದಲು ಎರಡು ಪರೀಕ್ಷೆಗಳು ಕಡ್ಡಾಯ. ಹತ್ತಿಯ ಕ್ಯಾನ್ವಾಸನ್ನು ನೆನೆಸಿ ಒಣಗಿಸದೆ ಕತ್ತರಿಸಬಾರದು, ಇಲ್ಲವಾದರೆ ಕೊಂಡವರ ಮನೆಯಲ್ಲಿ ಮೊದಲ ತೊಳೆತಕ್ಕೇ ಮೈ ಕುಗ್ಗಿ ಅಸ್ತರು ಹೊರಗೆ ಇಣುಕುತ್ತದೆ. ಖಣ ಮತ್ತು ಹಳೆಯ ಸೀರೆಯ ಮೇಲೆ ಒದ್ದೆಯಾದ ಬಿಳಿ ಬಟ್ಟೆ ಇಟ್ಟು ಇಸ್ತ್ರಿ ಒತ್ತಿ ನೋಡಬೇಕು. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಆ ತುಂಡನ್ನು ತಿಳಿ ಬಣ್ಣದ ಕ್ಯಾನ್ವಾಸಿನ ಜೊತೆ ಸೇರಿಸುವುದಿಲ್ಲ.

ಯಂತ್ರ ಬದಲಿಸದೆ ಯಂತ್ರದ ತೊಂದರೆ ನೀಗಿದ್ದು

ಜಿಪ್ಪಿನ ತುದಿಯಲ್ಲಿ, ಎಲ್ಲ ಪದರಗಳೂ ಬಂದು ಸೇರುವ ಮೂಲೆಯಲ್ಲಿ, ಮನೆಯ ಯಂತ್ರ ನಿಂತುಬಿಡುತ್ತಿತ್ತು. ಸೂಜಿ ಮುರಿಯುವುದು, ಹೊಲಿಗೆ ತಪ್ಪುವುದು, ಕೈಯಿಂದ ಚಕ್ರ ತಿರುಗಿಸುವುದು. ಕೂಡಿಸುವ 45 ನಿಮಿಷದಲ್ಲಿ ದೊಡ್ಡ ಪಾಲು ಇದಕ್ಕೇ ಹೋಗುತ್ತಿತ್ತು. ಮೇಲಿನಿಂದಲೂ ಕೆಳಗಿನಿಂದಲೂ ಬಟ್ಟೆ ಎಳೆಯುವ, ಚರ್ಮ ಹೊಲಿಯುವ ದೊಡ್ಡ ಯಂತ್ರ ಬೇಕೆಂದು ಅಂಗಡಿಯವರು ಹೇಳಿದ್ದರು. ಯಂತ್ರಕ್ಕಿಂತ ಮೊದಲು ಮೂಲೆಯನ್ನು ಬಿಚ್ಚಿ ಪದರ ಎಣಿಸಿದೆ: ಕ್ಯಾನ್ವಾಸ್ ಎರಡು, ಫೋಮ್ ಎರಡು, ಅಸ್ತರು ಎರಡು, ಜಿಪ್ಪಿನ ಪಟ್ಟಿ, ಅದರ ತುದಿಗೆ ಮಡಿಸಿದ ಬಟ್ಟೆ. ಇದರಲ್ಲಿ ಫೋಮ್ ಹೊಲಿಗೆಯೊಳಗೆ ಇರಬೇಕಾದ ಅಗತ್ಯವೇ ಇಲ್ಲ. ಫೋಮಿನ ಫರ್ಮಾವನ್ನು ಸುತ್ತಲೂ ಅರ್ಧ ಇಂಚಿಗಿಂತ ತುಸು ಹೆಚ್ಚು ಚಿಕ್ಕದು ಮಾಡಿ, ಅದನ್ನು ಹೊಲಿಗೆಯ ಗೆರೆಯ ಒಳಗೇ ನಿಲ್ಲಿಸಿ, ಬಕ್ರಮಿನಿಂದ ಮೈಗೆ ಅಂಟಿಸಿದೆವು. ಜಿಪ್ಪಿನ ತುದಿಯ ಹಲ್ಲುಗಳನ್ನು ಹೊಲಿಗೆಯ ಗೆರೆಗೆ ಬರದಂತೆ ಅರ್ಧ ಇಂಚು ಮೊದಲೇ ಬಿಚ್ಚಿ ತೆಗೆದೆವು. ಮೂಲೆಯ ದಪ್ಪ ಅರ್ಧಕ್ಕಿಂತ ಕಡಿಮೆಯಾಯಿತು, ಯಂತ್ರ ನಿಲ್ಲುವುದು ತಪ್ಪಿತು.

ಉಳಿದದ್ದು ಸಣ್ಣ ಹೊಂದಾಣಿಕೆಗಳು. ಕ್ಯಾನ್ವಾಸಿಗೆ 16ರ ಬದಲು 18ನೇ ನಂಬರಿನ ಸೂಜಿ, ಹೊರಮೈಗೆ ದಪ್ಪ ಪಾಲಿಯೆಸ್ಟರ್ ದಾರ, ಅಸ್ತರಿಗೆ ಸಾಮಾನ್ಯ ದಾರ, ಹೊಲಿಗೆಯ ಉದ್ದ ಮೂರೂವರೆ ಮಿಲಿಮೀಟರ್, ಅಂದರೆ ಇಂಚಿಗೆ ಏಳು. ಹೊಲಿಗೆ ಇದಕ್ಕಿಂತ ಒತ್ತಾದರೆ ಚೀಲ ಗಟ್ಟಿಯಾಗುತ್ತದೆಂದು ಅನೇಕರು ಭಾವಿಸುತ್ತಾರೆ. ದಪ್ಪ ಸೂಜಿಯಿಂದ ಒತ್ತಾಗಿ ತೂತು ಬಿದ್ದರೆ ಬಟ್ಟೆ ಆ ಗೆರೆಯಲ್ಲಿಯೇ ಹರಿಯುತ್ತದೆ. ಮೋಟಾರನ್ನು ಮಾತ್ರ ಬದಲಿಸಿದೆವು. ಹಳೆಯ ಕ್ಲಚ್ ಮೋಟಾರು ಹೊಲಿಯದಿದ್ದಾಗಲೂ ತಿರುಗುತ್ತಲೇ ಇರುತ್ತದೆ, ಸರ್ವೋ ಮೋಟಾರು ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ. ವಿದ್ಯುತ್ತಿನ ಉಳಿತಾಯಕ್ಕಿಂತ ದೊಡ್ಡ ಲಾಭವೆಂದರೆ ಮೂಲೆಯಲ್ಲಿ ಬೇಕಾದಷ್ಟು ನಿಧಾನವಾಗಿ ಹೊಲಿಯಬಹುದು.

ರಬ್ಬರ್ ಅಂಟನ್ನು ಕೈಬಿಟ್ಟೆವು. ನಮ್ಮ ಬೇಸಿಗೆ 40 ಡಿಗ್ರಿ ದಾಟಿದಾಗ ಅದು ಬ್ರಷ್ಷಿನಿಂದ ಬಟ್ಟೆಗೆ ಬರುವಷ್ಟರಲ್ಲಿ ಒಣಗಿ ಗಂಟಾಗುತ್ತದೆ. ಅದರ ಜಾಗದಲ್ಲಿ ಬಟ್ಟೆಯ ಕ್ಲಿಪ್ಪುಗಳು ಬಂದವು.

ಪಟ್ಟಿ ಮೈಗೆ ಕೂಡುವ ಜಾಗದಲ್ಲಿ ಚೌಕ ಹೊಲಿದು ಅದರೊಳಗೆ ಅಡ್ಡ ಗೆರೆಗಳೆರಡನ್ನು ದಾಟಿಸುತ್ತೇವೆ, ಒಳಬದಿಗೆ ಒಂದು ಗಟ್ಟಿ ಬಟ್ಟೆಯ ತುಂಡು. ಒಟ್ಟಿಗೆ ಹೊಲಿದ ಎಂಟು ಚೀಲಗಳ ಪ್ರತಿ ಸಾಲಿನಿಂದ ಒಂದು ಚೀಲವನ್ನು ತೆಗೆದು ಐದು ಕಿಲೋ ತೊಗರಿಬೇಳೆ ತುಂಬಿ ರಾತ್ರಿಯಿಡೀ ಬಾಗಿಲಿನ ಕೊಂಡಿಗೆ ನೇತುಹಾಕುತ್ತೇವೆ. ತೂಕಕ್ಕೆ ತೊಗರಿಬೇಳೆಗಿಂತ ಸುಲಭವಾಗಿ ಸಿಗುವ ವಸ್ತು ಕಲಬುರಗಿಯಲ್ಲಿ ಬೇರೊಂದಿಲ್ಲ. ಬೆಳಿಗ್ಗೆ ಚೌಕದ ಹೊಲಿಗೆ ಹಿಗ್ಗಿದ್ದರೆ ಇಡೀ ಸಾಲು ಮತ್ತೆ ಯಂತ್ರಕ್ಕೆ ಹೋಗುತ್ತದೆ.

ಒಂದೊಂದೇ ಚೀಲವನ್ನು ಆರಂಭದಿಂದ ಕೊನೆಯವರೆಗೆ ಹೊಲಿಯುವ ಕ್ರಮವನ್ನೂ ನಿಲ್ಲಿಸಿದೆವು. ಎಂಟು ಚೀಲಗಳ ಪಟ್ಟಿಗಳೆಲ್ಲ ಒಮ್ಮೆ, ಅಸ್ತರುಗಳೆಲ್ಲ ಒಮ್ಮೆ, ಜಿಪ್ಪುಗಳೆಲ್ಲ ಒಮ್ಮೆ. ಸೂಜಿ ಮತ್ತು ದಾರ ಬದಲಿಸುವ ಕೆಲಸ ಎಂಟು ಸಲದ ಬದಲು ಒಂದು ಸಲವಾಗುತ್ತದೆ. ಈಗಿನ ಅಳತೆ: ಕತ್ತರಿಕೆ 12, ಅಸ್ತರು 18, ಪಟ್ಟಿ 6, ಜಿಪ್ 14, ಕೂಡಿಸುವುದು 32, ಮುಗಿಸುವುದು 10, ಒಟ್ಟು 92 ನಿಮಿಷ. ಕರೆಂಟು ಹೋದಾಗ ಕತ್ತರಿಕೆ ಮತ್ತು ದಾರ ತೆಗೆಯುವ ಕೆಲಸ ನಡೆಯುತ್ತದೆ.

ಕೌದಿ ತುಂಡು

ಯಂತ್ರದ ಕೆಲಸ ಇಳಿದ ಮೇಲೆ 90 ನಿಮಿಷದ ಕೈಹೊಲಿಗೆಯೇ ಉಳಿದೆಲ್ಲವನ್ನು ತಡೆದು ನಿಲ್ಲಿಸುವ ಹಂತವಾಯಿತು. ಅದನ್ನು ಯಂತ್ರದಲ್ಲಿ ಹೊಲಿಯಬಹುದಲ್ಲವೇ ಎಂದು ಕೇಳಿದವರಿದ್ದಾರೆ. ಹೊಲಿಯಬಹುದು, ಆಮೇಲೆ ಈ ಚೀಲವನ್ನು ನಾವು ಈಗ ಇಟ್ಟಿರುವ 850 ರೂಪಾಯಿ ಬೆಲೆಗೆ ಕೊಳ್ಳಲು ಯಾರಿಗೂ ಕಾರಣವಿರುವುದಿಲ್ಲ.

ಓಣಿಯಲ್ಲಿ ಕೌದಿ ಬಲ್ಲ ಹೆಂಗಸರಿದ್ದಾರೆ, ಊರ ಹೊರಗಿನ ತಾಂಡಾದಲ್ಲಿ ಲಂಬಾಣಿ ಕಸೂತಿ ಬಲ್ಲವರಿದ್ದಾರೆ. ಅವರಿಗೆ ತುಂಡಿನ ಲೆಕ್ಕದಲ್ಲಿ ಕೆಲಸ ಕೊಡುವ ಏರ್ಪಾಡು ಮಾಡಿದೆವು. ದರವನ್ನು ಬಾಯಿಮಾತಿನಿಂದ ನಿಗದಿ ಮಾಡಲಿಲ್ಲ; ಅವರೇ ಹೊಲಿಯುವಾಗ ಸಮಯ ಅಳೆದು ಕೌದಿ ತುಂಡಿಗೆ 90 ರೂಪಾಯಿ, ಕನ್ನಡಿ ಕೂಡಿಸಿದ ಲಂಬಾಣಿ ತುಂಡಿಗೆ 160 ರೂಪಾಯಿ ಎಂದು ಒಪ್ಪಂದವಾಯಿತು. ಲಂಬಾಣಿ ತುಂಡಿನ ಚೀಲದ ಬೆಲೆಯೂ ಅದಕ್ಕೆ ತಕ್ಕಂತೆ ಹೆಚ್ಚು. ತುಂಡು ಕೈಗೆ ಬಂದ ದಿನವೇ ಹಣ. ಚೀಲ ಮಾರಾಟವಾದ ಮೇಲೆ ಕೊಡುತ್ತೇವೆ ಎಂಬ ಪದ್ಧತಿ ಕೆಲವೆಡೆ ಇದೆ. ಮಾರಾಟದ ಅಪಾಯವನ್ನು ಹೊರಬೇಕಾದವರು ವ್ಯಾಪಾರ ಮಾಡುವವರು, ಸೂಜಿ ಹಿಡಿದವರಲ್ಲ ಎಂಬ ವಿಷಯದಲ್ಲಿ ವೈನಿಯವರಿಗೂ ನನಗೂ ಚರ್ಚೆಯೇ ಬೇಕಾಗಲಿಲ್ಲ.

ಪ್ರತಿ ತುಂಡಿನ ಬಟ್ಟೆ, ಕೆಳಗಿನ ಪದರ, ಅಳತೆ ಮಾಡಿ ಕತ್ತರಿಸಿದ ದಾರ ಇವನ್ನು ಒಂದು ಕವರಿನಲ್ಲಿ ಹಾಕಿ ನಂಬರು ಬರೆದು ಕೊಡುತ್ತೇವೆ. ಕಾಲು ಇಂಚಿಗೊಂದರಂತೆ ಗೆರೆ ಮೊದಲೇ ಎಳೆದಿರುತ್ತದೆ. ಕೈಹೊಲಿಗೆ ಬಿದ್ದಂತೆ ತುಂಡು ಎಳೆದುಕೊಂಡು ಕಾಲು ಇಂಚಿನಿಂದ ಅರ್ಧ ಇಂಚಿನವರೆಗೆ ಕುಗ್ಗುತ್ತದೆ, ಅದೂ ಒಬ್ಬೊಬ್ಬರ ಕೈಗೆ ಒಂದೊಂದು ರೀತಿ. ಆದ್ದರಿಂದ ಸುತ್ತಲೂ ಒಂದು ಇಂಚು ಹೆಚ್ಚು ಬಿಟ್ಟು ಕೊಟ್ಟು, ಹೊಲಿದು ಬಂದ ಮೇಲೆ ಇಸ್ತ್ರಿ ಮಾಡಿ, ಫರ್ಮಾ ಇಟ್ಟು ಸರಿಯಾದ ಅಳತೆಗೆ ಕತ್ತರಿಸಬೇಕು. ಮೊದಲು ಕತ್ತರಿಸಿ ಆಮೇಲೆ ಹೊಲಿಸಿದರೆ ಯಾವ ತುಂಡೂ ಚೀಲಕ್ಕೆ ಕೂರುವುದಿಲ್ಲ. ಲಂಬಾಣಿ ತುಂಡಿನಲ್ಲಿ ಅಂಚಿನಿಂದ ಒಂದು ಇಂಚಿನೊಳಗೆ ಕನ್ನಡಿ ಬರಕೂಡದು. ಯಂತ್ರದ ಫುಟ್ ಅದರ ಮೇಲೆ ಹತ್ತಿದರೆ ಕನ್ನಡಿ ಒಡೆಯುತ್ತದೆ.

ಹೊಸ ಲೆಕ್ಕ

ಜಿಪ್ಪನ್ನು ತುಂಡಿನ ಬದಲು ಐದನೇ ನಂಬರಿನ ರೋಲಿನಲ್ಲಿಯೂ, ರನ್ನರ್, ಡಿ ರಿಂಗ್, ಬಕಲ್ಲುಗಳನ್ನು ಸಗಟಿನಲ್ಲಿಯೂ ಹೈದರಾಬಾದಿನ ಬೇಗಂ ಬಜಾರಿನಿಂದ ತರಿಸತೊಡಗಿದೆವು. ಕಲಬುರಗಿಯಿಂದ ರೈಲಿನಲ್ಲಿ ಹೋಗಿ ಬರುವ ಖರ್ಚನ್ನು ಹಿಡಿದರೂ, ಎರಡು ಮೂರು ತಿಂಗಳ ಸಾಮಾನು ಒಟ್ಟಿಗೆ ತಂದರೆ ಅಗ್ಗ. ಈಗ ಕ್ಯಾನ್ವಾಸ್ 58, ಅಸ್ತರು 28, ಫೋಮ್ 22, ಜಿಪ್ 11, ನವಾರ 16, ರಿಂಗು ಬಕಲ್ಲು 11, ದಾರ ಲೇಬಲ್ 12. ಹಾಳಾಗುವುದನ್ನೂ ಸೇರಿಸಿ 166 ರೂಪಾಯಿ. ಕೂಲಿ 92 ಮತ್ತು 90 ಸೇರಿ 182. ತಿಂಗಳಿಗೆ ಸ್ವಂತ ಕೋಣೆಯ ಬಾಡಿಗೆ 2,500, ವಿದ್ಯುತ್ತು 400, ಯಂತ್ರದ ಸವಕಳಿ 700, ಓಡಾಟ ಮತ್ತು ಇತರೆ 1,200 ಎಂದು ಹಿಡಿದರೆ 4,800. ತಿಂಗಳಿಗೆ 80 ಚೀಲವಾದರೆ ಒಂದಕ್ಕೆ 60. ಒಟ್ಟು ಬಿದ್ದ ಬೆಲೆ 408.

ಮಾರಾಟದ ಬೆಲೆ 850 ಎಂದು ಇಟ್ಟೆವು. ಅಂಗಡಿಗಳಿಗೆ ಶೇಕಡಾ 30 ಬಿಟ್ಟು 595ಕ್ಕೆ ಕೊಡುತ್ತೇವೆ, ಅದರಲ್ಲಿ 187 ಉಳಿಯುತ್ತದೆ. ನಾವೇ ಮಾರಿದರೆ ಮಳಿಗೆ ಬಾಡಿಗೆ, ಊಟ, ಸಾಗಣೆ ಎಲ್ಲ ಸೇರಿ ಚೀಲಕ್ಕೆ 150 ರೂಪಾಯಿ ಬೀಳುತ್ತದೆ, ಉಳಿಯುವುದು 292. ತಿಂಗಳಿಗೆ 50 ಅಂಗಡಿಗೆ, 30 ನೇರವಾಗಿ ಹೋದರೆ 9,350 ಮತ್ತು 8,760, ಅಂದರೆ 18,110 ರೂಪಾಯಿ ಉಳಿತಾಯ. ಯಂತ್ರದ ಕೂಲಿಯಾಗಿ ವೈನಿಯವರಿಗೆ ಸೇರುವ 7,360 ಇದರ ಹೊರತಾಗಿ. ಮಳೆಗಾಲದ ತಿಂಗಳುಗಳಲ್ಲಿ 80 ಹೋಗುವುದಿಲ್ಲ, ಮದುವೆಯ ತಿಂಗಳುಗಳಲ್ಲಿ 80 ಸಾಲುವುದಿಲ್ಲ.

ಬೆಲೆ ಏರಿಸಲು ವೈನಿಯವರು ಹಿಂಜರಿದರು. ಪರಿಚಯದವರ ಮುಂದೆ 850 ಎಂದು ಹೇಳಲು ಬಾಯಿ ಬರುವುದಿಲ್ಲ ಎಂಬುದು ಅವರ ಸಂಕಟ. ಅದಕ್ಕೆ ಬೆಲೆಯ ಚೀಟಿಯನ್ನು ಚೀಲಕ್ಕೇ ಕಟ್ಟಿದೆವು. ಬಾಯಿಯಿಂದ ಹೇಳುವ ಪ್ರಸಂಗ ಬರುವುದಿಲ್ಲ, ಅಂಗಡಿಯಲ್ಲಿಯೂ ಮನೆಯಲ್ಲಿಯೂ ಅದೇ ಬೆಲೆ. ಮನೆಗೆ ಬಂದವರಿಗೆ 700ಕ್ಕೆ ಕೊಟ್ಟರೆ 850ಕ್ಕೆ ಮಾರುವ ಅಂಗಡಿಯವರು ಎರಡನೆಯ ಸಲ ಕೊಳ್ಳುವುದಿಲ್ಲ. ಆದರೂ ಚೌಕಾಸಿ ಇಲ್ಲದ ವ್ಯಾಪಾರ ನಮ್ಮ ಊರಿನಲ್ಲಿ ನಡೆಯದು. ಬೆಲೆ ಇಳಿಸುವ ಬದಲು ಒಂದು ಸಂಚಿಯನ್ನು ಜೊತೆಗೆ ಕೊಡುತ್ತೇವೆ. ಅಜ್ಜಿಯರು ಎಲೆ ಅಡಿಕೆಗೆ ಇಟ್ಟುಕೊಳ್ಳುತ್ತಿದ್ದ ಹಲವು ಜೇಬಿನ ಸಂಚಿಯದೇ ನಮೂನೆ ಅದು, ಕತ್ತರಿಕೆಯಲ್ಲಿ ಉಳಿದ ಚಿಂದಿಯಿಂದ ಹೊಲಿಯುವುದರಿಂದ ಕೂಲಿ ಸೇರಿ 45 ರೂಪಾಯಿಗೆ ಬೀಳುತ್ತದೆ, ಬಿಡಿಯಾಗಿ 120ಕ್ಕೆ ಮಾರಾಟವಾಗುತ್ತದೆ.

ಈ ಸಂಚಿ ನಾವು ನಿರೀಕ್ಷಿಸದ ದಾರಿಯೊಂದನ್ನು ತೆರೆಯಿತು. ಕುಬಸ (ಸೀಮಂತ), ಮದುವೆ, ಗೃಹಪ್ರವೇಶಗಳಲ್ಲಿ ಬಂದವರ ಕೈಗೆ ಕೊಡಲು ಐವತ್ತು, ನೂರು ಎಂದು ಕೇಳುವವರು ಬಂದರು. ಅರ್ಧ ಹಣ ಮುಂಗಡವಾಗಿ ಬಂದರೆ ಮಾತ್ರ ಕತ್ತರಿ ಹಿಡಿಯುತ್ತೇವೆ. ಶರಣಬಸವೇಶ್ವರ ಜಾತ್ರೆಯಲ್ಲಿಯೂ ನಡೆಯುವುದು ಸಂಚಿಯೇ. ಆ ಜನಸಂದಣಿಯಲ್ಲಿ 850ರ ಚೀಲವನ್ನು ಎತ್ತಿ ನೋಡುತ್ತಾರೆ, ಕೊಳ್ಳುವುದಿಲ್ಲ. ಚೀಲಕ್ಕೆ ಸರಸ್ ಮೇಳದಂಥ ಕರಕುಶಲ ಮೇಳಗಳೂ ಕಾಲೇಜು, ವಿಶ್ವವಿದ್ಯಾಲಯಗಳ ಆವರಣಗಳೂ ಸರಿಯಾದ ಜಾಗ.

ಅಂಗಡಿಗಳ ವಿಷಯದಲ್ಲಿ ಒಂದು ಮಾತು. ಮಾರಿದ ಮೇಲೆ ಹಣ ಎಂಬ ಷರತ್ತಿಗೆ ಐದಕ್ಕಿಂತ ಹೆಚ್ಚು ಚೀಲ ಕೊಡುವುದಿಲ್ಲ. ಅವು ಮಾರಾಟವಾದರೆ ಮುಂದಿನ ಸಲ ಅವರು ಹಣ ಕೊಟ್ಟು ಕೊಳ್ಳಬೇಕು.

ಕಾಗದಪತ್ರ ಮತ್ತು ಕೈಬಂಡವಾಳ

ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಜಾರಿಯಲ್ಲಿದೆ, ಆಧಾರ್ ಮತ್ತು ಪ್ಯಾನ್ ಬೇಕು, ಶುಲ್ಕವಿಲ್ಲ. ಹಣ ಕೇಳುವ ಮಧ್ಯವರ್ತಿಗಳ ಹತ್ತಿರ ಹೋಗಬಾರದು. ಇದನ್ನು ನಾವು ಮಾಡಿಸಿದ್ದಕ್ಕೆ ಸಾಲಕ್ಕಿಂತ ಬಲವಾದ ಕಾರಣ ಬೇರೆ ಇತ್ತು. ವಿಚಾರ ಸಂಕಿರಣಕ್ಕೆ ಕೌದಿ ತುಂಡಿಲ್ಲದ ಸಾದಾ ಚೀಲಗಳನ್ನು ಕೊಂಡ ಸಂಸ್ಥೆಯೊಂದು ಹಣ ಕೊಡಲು ತಿಂಗಳುಗಟ್ಟಲೆ ಎಳೆಯಿತು. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ ಪ್ರಕಾರ ನೋಂದಾಯಿತ ಸಣ್ಣ ತಯಾರಕರಿಗೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ, 45 ದಿನದೊಳಗೆ ಹಣ ಸಂದಾಯವಾಗಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ. ಈಗ ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆಯನ್ನೂ ಈ ನಿಯಮವನ್ನೂ ಅಚ್ಚು ಹಾಕಿಸಿದ್ದೇವೆ.

ಜಿಎಸ್‌ಟಿಯಲ್ಲಿ ನಮ್ಮ ಭಾಗಕ್ಕೇ ವಿಶಿಷ್ಟವಾದ ಒಂದು ತೊಡಕಿದೆ. ಕರ್ನಾಟಕದಲ್ಲಿ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಬೇಕಿಲ್ಲ. ಆದರೆ ಆ ವಿನಾಯಿತಿ ರಾಜ್ಯದೊಳಗಿನ ಮಾರಾಟಕ್ಕೆ. ಕಲಬುರಗಿಯಿಂದ ಬೆಂಗಳೂರಿಗಿಂತ ಸೊಲ್ಲಾಪುರ ಮತ್ತು ಹೈದರಾಬಾದು ಎಷ್ಟೋ ಹತ್ತಿರ, ಎರಡೂ ಗಡಿಯಾಚೆ. ಗಡಿ ದಾಟುವ ಸಾಮಾನ್ಯ ಸರಕಿಗೆ ವಹಿವಾಟು ಎಷ್ಟೇ ಚಿಕ್ಕದಾದರೂ ನೋಂದಣಿ ಕಡ್ಡಾಯ. ಹೆಚ್ಚಿನ ಪಾಲು ಕೈಯಿಂದಲೇ ತಯಾರಾದ, ಅಧಿಸೂಚಿತ ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳಿಗೆ ಮಾತ್ರ ಪ್ರತ್ಯೇಕ ವಿನಾಯಿತಿ ಇದೆ, ಅದಕ್ಕೂ ಪ್ಯಾನ್ ಮತ್ತು ಸರಕು ಸಾಗಣೆಯ ಇ-ವೇ ಬಿಲ್ ಬೇಕು. ಕೌದಿ ತುಂಡಿನ ಚೀಲ ಮತ್ತು ಸಾದಾ ಚೀಲ ಇದರಲ್ಲಿ ಒಂದೇ ತಕ್ಕಡಿಗೆ ಬರುವುದಿಲ್ಲ. ಹೀಗಾಗಿ ತೆರಿಗೆ ಸಲಹೆಗಾರರಿಗೆ ತೋರಿಸದೆ ಗಡಿಯಾಚೆಯ ಅಂಗಡಿಗೆ ಪೆಟ್ಟಿಗೆ ಕಳಿಸುವುದಿಲ್ಲ.

ಕೈಬಂಡವಾಳದ ಲೆಕ್ಕ ಸರಳ. ತಿಂಗಳಿಗೆ 80 ಚೀಲದ ಸಾಮಾನಿಗೆ 13,280, ಕೌದಿ ತುಂಡುಗಳಿಗೆ 7,200. ಒಟ್ಟು 20,480 ಮೊದಲೇ ಹೋಗುತ್ತದೆ. ಅಂಗಡಿಯ ಹಣ ತಿಂಗಳು, ತಿಂಗಳೂವರೆಯ ಮೇಲೆ ಬರುತ್ತದೆ. ಆದ್ದರಿಂದ ಸುಮಾರು 40,000 ರೂಪಾಯಿ ಸದಾ ತಿರುಗುತ್ತಿರಬೇಕು. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000ದವರೆಗೆ ಅಡಮಾನವಿಲ್ಲದ ಸಾಲ ಸಿಗುತ್ತದೆ. ಅದಕ್ಕೆ ಅರ್ಜಿ ಹಾಕುವ ಮೊದಲು ಪಿಎಂ ವಿಶ್ವಕರ್ಮ ಯೋಜನೆಯನ್ನು ನೋಡಿಕೊಳ್ಳುವುದು ಒಳ್ಳೆಯದು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಆ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕಸುಬೂ ಒಂದು. ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದು ತೀರಿದ ಮೇಲೆ 2 ಲಕ್ಷದವರೆಗೆ ಸಾಲ. ಹಿಂದಿನ ಐದು ವರ್ಷಗಳಲ್ಲಿ ಮುದ್ರಾ ಸಾಲ ಪಡೆದು ಇನ್ನೂ ತೀರಿಸದಿರುವವರು ಇದಕ್ಕೆ ಅರ್ಹರಲ್ಲ, ಒಂದು ಕುಟುಂಬಕ್ಕೆ ಒಬ್ಬರಿಗಷ್ಟೇ ಅವಕಾಶ. ವೈನಿಯವರು ವಿಶ್ವಕರ್ಮಕ್ಕೆ ಮೊದಲು ಅರ್ಜಿ ಹಾಕಿದರು.

ಬಾಕಿ ಇರುವ ಕೆಲಸ

ಬೀದರಿನ ಬಿದ್ರಿ ಕುಶಲಕರ್ಮಿಗಳಿಂದ ಬೆಳ್ಳಿ ಕೂರಿಸಿದ ಗುಂಡಿಗಳನ್ನು ಮಾಡಿಸಿ 1,500 ರೂಪಾಯಿ ಆಸುಪಾಸಿನ ಚೀಲವೊಂದನ್ನು ತರಬೇಕೆಂಬುದು ಮುಂದಿನ ಪ್ರಯೋಗ. ಬಿದ್ರಿಯ ಲೋಹದಲ್ಲಿ ಹೆಚ್ಚಿನ ಪಾಲು ಸತುವು, ಸ್ವಲ್ಪ ತಾಮ್ರ. ಎಳೆತಕ್ಕೆ ಅದು ಬಾಗದೆ ಮುರಿಯುತ್ತದೆ. ಆದ್ದರಿಂದ ಅದನ್ನು ಕೊಂಡಿಯಾಗಿಯೋ ಪಟ್ಟಿಯ ಬಕಲ್ಲಾಗಿಯೋ ಬಳಸುವಂತಿಲ್ಲ. ಮುಚ್ಚಳ ಹಿಡಿಯಲು ಒಳಗಡೆ ಮ್ಯಾಗ್ನೆಟ್ ಗುಂಡಿ, ಹೊರಗಡೆ ಬಿದ್ರಿ ಬರೀ ಅಲಂಕಾರಕ್ಕೆ, ಎರಡು ತೂತುಗಳಿಂದ ಕೈಯಲ್ಲಿ ಹೊಲಿದು ಕೂರಿಸಿದ್ದು, ಹೀಗೆ ಒಂದು ಮಾದರಿ ತಯಾರಾಗಿದೆ. ಬಿದ್ರಿಗೆ ಸವರುವ ಎಣ್ಣೆ ಖಣಕ್ಕೆ ಹತ್ತದಂತೆ ಗುಂಡಿಯ ಕೆಳಗೆ ಚರ್ಮದ ಒಂದು ಬಿಲ್ಲೆ ಇಟ್ಟಿದ್ದೇವೆ. ಗುಂಡಿಯ ಬೆಲೆ ಇಳಿಯದಿದ್ದರೆ ಈ ಚೀಲ ಅಂಗಡಿಯ ಕಮಿಷನ್ ತಾಳುವುದಿಲ್ಲ, ನೇರ ಮಾರಾಟಕ್ಕೆ ಮಾತ್ರ ಇಡಬೇಕಾಗುತ್ತದೆ.

ದೊಡ್ಡ ಯಂತ್ರದ ಮಾತು ಮತ್ತೆ ಎದ್ದಿದೆ. ಈಗ ಚೀಲಕ್ಕೆ 92 ನಿಮಿಷ ಎಂದರೆ ಒಂದು ಯಂತ್ರದಲ್ಲಿ ದಿನಕ್ಕೆ ಐದು ಚೀಲ ಮೇಲ್ಮಿತಿ. ಬೇಡಿಕೆ ಆ ಮಿತಿಯನ್ನು ಮೂರು ತಿಂಗಳು ಸತತವಾಗಿ ಮುಟ್ಟಿದರೆ ಇದೇ ಬಗೆಯ ಎರಡನೆಯ ಸಾದಾ ಯಂತ್ರವನ್ನೂ ಹೊಲಿಯಲು ಒಬ್ಬರನ್ನೂ ತರುವುದೆಂದು ನಿರ್ಧರಿಸಿದ್ದೇವೆ. ಚರ್ಮದ ಚೀಲಕ್ಕೆ ಕೈ ಹಾಕುವವರೆಗೆ ದೊಡ್ಡ ಯಂತ್ರ ಬೇಕಿಲ್ಲ. ಹೊಸಬರು ಕೂರಲು ಜಾಗ ಸಾಲದಾದ್ದರಿಂದ, ಬಟ್ಟೆಯ ರೋಲುಗಳನ್ನು ಗೋಡೆಗೆ ನೇತುಹಾಕುವ ಕಬ್ಬಿಣದ ಚೌಕಟ್ಟಿನ ಅಳತೆಯನ್ನು ವೆಲ್ಡಿಂಗ್ ಅಂಗಡಿಗೆ ಕೊಟ್ಟಾಗಿದೆ.